ಗುರುತು ಸಿಗದ ಮುಖಕ್ಕೇ ಇಲ್ಲಿ ಬೆಲೆ

‘ಹೆಸರು ಹೇಳಿ. ವಯಸ್ಸು, ಎತ್ತರ? ಎಡಕ್ಕೆ ತಿರುಗಿ. ಈಗ ಬಲಕ್ಕೆ. ಎರಡೂ ಕೈ ತೋರಿಸಿ, ಮುಂದೆ, ಹಿಂದೆ. ಸರಿ, ಒಂದು ಗುಟುಕು ಕಾಫಿ ಕುಡಿದ ಹಾಗೆ ಮಾಡಿ.’

ಲೋಟ ಇರುವುದಿಲ್ಲ, ಕಾಫಿಯೂ ಇರುವುದಿಲ್ಲ. ಇರುವುದು ಒಂದು ಬೋಳು ಗೋಡೆ, ಸ್ಟ್ಯಾಂಡಿನ ಮೇಲೊಂದು ಕ್ಯಾಮೆರಾ, ಅದರ ಹಿಂದೆ ಮೊಮ್ಮಗನ ಪ್ರಾಯದ ಹುಡುಗ. ಜಾಹೀರಾತಿನ ಆಡಿಷನ್ ಬಹುಮಟ್ಟಿಗೆ ಇಷ್ಟೇ. ಕೈ ತೋರಿಸಿ ಅನ್ನುವುದು ಭವಿಷ್ಯ ಹೇಳಲಿಕ್ಕಲ್ಲ. ಲೋಟ ಹಿಡಿದ ಬೆರಳು ಪರದೆಯ ತುಂಬ ಬರುತ್ತದೆ. ಒಗ್ಗರಣೆ ಸಿಡಿದ ಕಲೆಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಮೊದಲ ಸಲ ಹೀಗೆ ನಿಲ್ಲುವವರಲ್ಲಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಿರಿಯರೂ ಇರುತ್ತಾರೆ. ವಾಕಿಂಗ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ಸಂದೇಶ ಹಾಕುತ್ತಾರೆ: ‘ಅರವತ್ತು ದಾಟಿದ ತಾತ ಬೇಕು, ಟ್ರೆಡಿಷನಲ್ ಲುಕ್, ಕನ್ನಡಕ ಇದ್ದರೂ ಪರವಾಗಿಲ್ಲ.’ ಬ್ಯಾಂಕಿನಿಂದ ನಿವೃತ್ತರಾದವರು, ಹೈಸ್ಕೂಲ್ ಮೇಷ್ಟ್ರಾಗಿದ್ದವರು ‘ನೋಡೇ ಬಿಡೋಣ’ ಎಂದು ಹೊರಡುತ್ತಾರೆ. ಬಡಾವಣೆಗಳೂ ಈ ಕೆಲಸಕ್ಕೆ ಒದಗುತ್ತವೆ. ಚಾಮರಾಜಪೇಟೆ 1892ರದ್ದು, ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲಕ್ಕೆ ಬೆಳೆದವು. ಉಳಿದಿರುವ ಹಳೆಯ ಮನೆಗಳ ಕೆಂಪು ಗಾರೆ ನೆಲ, ಜಗಲಿ, ಮರದ ಕಂಬ, ಕಬ್ಬಿಣದ ಸರಳಿನ ಕಿಟಕಿಗಳನ್ನು ಸೆಟ್ ಹಾಕಿ ತರುವುದು ದುಬಾರಿ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಜಗಲಿಯ ಮೇಲೆ ಕೂರುವ ರೀತಿಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಕ್ಯಾಮೆರಾ ಅಂದರೆ ಹೆದರದ ಇನ್ನೊಂದು ಗುಂಪೂ ಇಲ್ಲಿದೆ, ಹವ್ಯಾಸಿ ನಾಟಕದವರದು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾದದ್ದು 1909ರಲ್ಲಿ. ಹಗಲು ಕಚೇರಿ, ಸಂಜೆ ರಿಹರ್ಸಲ್ ಎಂಬ ಆ ಪರಂಪರೆ ಹನುಮಂತನಗರದ ಕೆ.ಎಚ್. ಕಲಾಸೌಧದವರೆಗೆ ನಡೆದುಬಂದಿದೆ. ಆದರೆ ಮೊದಲ ಶಾಟ್‌ನಲ್ಲಿ ಹೆಚ್ಚು ಒದ್ದಾಡುವವರೂ ಇವರೇ. ಕೊನೆಯ ಸಾಲಿಗೆ ಮುಟ್ಟುವಂತೆ ಹುಬ್ಬು ಎತ್ತಲು ಕಲಿತವರ ಮುಂದೆ ಈಗ ಲೆನ್ಸ್ ಮೂರಡಿ ದೂರದಲ್ಲಿದೆ. ‘ಸರ್, ಸ್ವಲ್ಪ ಕಡಿಮೆ ಮಾಡಿ’ ಅನ್ನುತ್ತಾನೆ ನಿರ್ದೇಶಕ. ಕಡಿಮೆ ಮಾಡುತ್ತಾರೆ. ‘ಇನ್ನೂ ಕಡಿಮೆ.’ ಕೊನೆಗೆ ಏನೂ ಮಾಡದೆ ಸುಮ್ಮನೆ ಕಿಟಕಿಯ ಕಡೆ ನೋಡಿದಾಗ ‘ಓಕೆ!’ ಅನ್ನುವ ಕೂಗು ಕೇಳಿಸುತ್ತದೆ.

ಶೂಟಿಂಗ್ ದಿನ ಬೆಳಗಿನ ಆರು ಗಂಟೆಗೆ ಕಾಲ್‌ಟೈಮ್ ಎಂದರೆ ಕ್ಯಾಮೆರಾ ಮುಂದೆ ಕೂರುವಾಗ ಹತ್ತಾಗಿರಬಹುದು. ‘ನಿಮ್ಮದೇ ಮೂರ್ನಾಲ್ಕು ಸೀರೆ ತನ್ನಿ; ಅಚ್ಚ ಬಿಳಿ ಬೇಡ, ಸಣ್ಣ ಗೆರೆ ಬೇಡ’ ಎಂದು ಮೊದಲೇ ಹೇಳಿರುತ್ತಾರೆ. ಬಿಳಿ ಬಟ್ಟೆ ದೀಪದ ಬೆಳಕಿಗೆ ಉರಿದುಹೋಗುತ್ತದೆ. ಒತ್ತಾದ ಗೆರೆಗಳು ಪರದೆಯಲ್ಲಿ ನಡುಗುತ್ತವೆ. ಕಿಟಕಿಯಾಚೆ ಕಟ್ಟಿದ ದೊಡ್ಡ ದೀಪವೇ ಆ ದಿನದ ಸೂರ್ಯ; ನಡುಮಧ್ಯಾಹ್ನ ಎಳೆಬಿಸಿಲು ಬರುವುದು ಅದರಿಂದಲೇ. ಪಕ್ಕದ ಕೋಣೆಯ ಮಾನಿಟರ್ ಮುಂದೆ ಏಜೆನ್ಸಿಯವರು, ಕಂಪನಿಯವರು. ನಟಿಸುವವರ ಕಿವಿಗೆ ಅವರ ಮಾತು ಬೀಳುವುದಿಲ್ಲ. ‘ಒನ್ ಮೋರ್’ ಎಂಬ ತೀರ್ಪು ಮಾತ್ರ ಬರುತ್ತದೆ, ಕಾರಣ ಬರುವುದಿಲ್ಲ. ನಡುನಡುವೆ ಆಟೊ ಹಾರ್ನ್, ಸೊಪ್ಪಿನವಳ ಕೂಗು, ದೇವಸ್ಥಾನದ ಗಂಟೆ. ಕೊನೆಯಲ್ಲಿ ‘ರೂಮ್ ಟೋನ್’ ಎಂದು ಮನೆಯ ಬರೀ ಸದ್ದನ್ನು ಹಿಡಿದಿಡುವಾಗ ಲೈಟ್‌ಬಾಯ್‌ನಿಂದ ಮಾಲೀಕರ ತನಕ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಕಾಫಿಯದ್ದೇ ಬೇರೆ ಕಥೆ. ಫಿಲ್ಟರ್ ಕಾಫಿಯ ನೊರೆ ಬೇಗ ಇಳಿದುಹೋಗುತ್ತದೆ, ಕ್ಯಾಮೆರಾಕ್ಕೆ ಅದು ಒಗ್ಗದು. ಅದಕ್ಕೇ ಪ್ರತಿ ಟೇಕಿಗೂ ಹೊಸ ನೊರೆ, ಲೋಟದಲ್ಲಿ ಹಿಂದಿನ ಟೇಕಿನಷ್ಟೇ ಮಟ್ಟ. ತುಟಿ ಒದ್ದೆ ಮಾಡಿಕೊಂಡರೆ ಸಾಕು, ನುಂಗಬೇಕಿಲ್ಲ. ತಿಂಡಿಯ ಜಾಹೀರಾತಾದರೆ ಕಾಲ ಬಳಿ ಒಂದು ಬಕೆಟ್. ಕಚ್ಚಿ, ಹಿಗ್ಗಿ, ‘ಕಟ್’ ಅಂದೊಡನೆ ಉಗಿಯಬೇಕು. ಅನ್ನ ಚೆಲ್ಲಬಾರದೆಂದು ಬೆಳೆದವರಿಗೆ ನಟನೆಗಿಂತ ಕಷ್ಟವಾಗುವುದು ಇದು.

ನಮ್ಮಲ್ಲಿ ಟಿ.ವಿ. ಚಿತ್ರ ಸೆಕೆಂಡಿಗೆ 25 ಫ್ರೇಮ್‌ಗಳಂತೆ ಓಡುತ್ತದೆ. 30 ಸೆಕೆಂಡಿನ ಜಾಹೀರಾತೆಂದರೆ 750 ಫ್ರೇಮ್. ದಿನವಿಡೀ ಕೂತವರ ಪಾಲಿಗೆ ಬರುವ ಎರಡು ಸೆಕೆಂಡು ಅದರಲ್ಲಿ 50 ಫ್ರೇಮ್. ಆ ತುಣುಕೂ ತಮಿಳು, ಹಿಂದಿಗೆ ಹೋಗುವಾಗ ಬಾಯಿ ಇವರದು, ದನಿ ಬೇರೊಬ್ಬರದು.

ಇಷ್ಟೆಲ್ಲ ಪಡಿಪಾಟಲು ಪಟ್ಟು ಗೊತ್ತಿಲ್ಲದವರ ಮುಖವನ್ನೇ ಯಾಕೆ ಹುಡುಕುತ್ತಾರೆ? ಜಾಹೀರಾತು ನಂಬಿಕೆ ಗಳಿಸುವ ದಾರಿ ಹಲವು. ಬದುಕಿಡೀ ಜಾಹೀರಾತಿನಿಂದ ದೂರವಿದ್ದ ಡಾ. ರಾಜ್‌ಕುಮಾರ್ ನಂದಿನಿ ಹಾಲಿಗಾಗಿ ಸಂಭಾವನೆ ಇಲ್ಲದೆ ಕ್ಯಾಮೆರಾ ಮುಂದೆ ನಿಂತರು. ಅಷ್ಟು ವರ್ಷದ ‘ಒಲ್ಲೆ’ಯೇ ಆ ಒಂದು ‘ಹೂಂ’ಗೆ ತೂಕ ಕೊಟ್ಟಿತು. 2021ರಲ್ಲಿ ಕ್ರೆಡ್ ಕಂಪನಿ ಸೌಮ್ಯ ಸ್ವಭಾವದ ರಾಹುಲ್ ದ್ರಾವಿಡ್‌ರನ್ನು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂಗಾಡಿಸಿತು. ಅವರ ಸ್ವಭಾವ ಎಲ್ಲರಿಗೂ ಗೊತ್ತಿದ್ದುದರಿಂದಲೇ ಜನ ನಕ್ಕರು. 2009ರ ಐಪಿಎಲ್ ವೇಳೆ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ ವೊಡಾಫೋನ್‌ಗಾಗಿ ಮಾಡಿದ ಜೂಜೂಗಳನ್ನು ಬಹಳ ಜನ ಅನಿಮೇಷನ್ ಎಂದುಕೊಂಡಿದ್ದರು. ಬಿಳಿ ದಿರಿಸಿನೊಳಗೆ ಇದ್ದವರು ಜೀವಂತ ಮನುಷ್ಯರು, ಮುಖ ಮಾತ್ರ ಕಾಣಲಿಲ್ಲ. ಪಕ್ಕದ ಮನೆಯ ತಾತ ಬೇಕಾದಾಗ ಇವು ಯಾವುವೂ ಒದಗವು. ನೋಡುವವರಿಗೆ ಆತ ಯಾರೆಂದು ಗೊತ್ತಿರಬಾರದು, ತಮ್ಮ ಬೀದಿಯವನೇ ಅನ್ನಿಸಬೇಕು.

ಕರೆ ಬಂದರೆ ಕೆಲವು ವಿಷಯ ಮೊದಲೇ ತಿಳಿದಿರಲಿ. ಆಡಿಷನ್‌ಗೆ, ಫೋಟೊ ಆಲ್ಬಮ್‌ಗೆ ದುಡ್ಡು ಕೇಳುವವರ ಸಹವಾಸ ಬೇಡ. ಸಂಭಾವನೆ ಎಷ್ಟು ಅನ್ನುವುದರ ಜತೆಗೆ ಯಾವಾಗ ಅಂತಲೂ ಕೇಳಿ. ಬ್ಯಾಂಕಿಗೆ ಬೀಳಲು ಒಂದೆರಡು ತಿಂಗಳು ಹಿಡಿಯುವುದುಂಟು. ಸಹಿ ಹಾಕುವ ಕಾಗದದಲ್ಲಿ ಚಿತ್ರ ಎಷ್ಟು ವರ್ಷ ಓಡುತ್ತದೆ, ಟಿ.ವಿ.ಯಲ್ಲೋ ಇಂಟರ್‌ನೆಟ್‌ನಲ್ಲೋ, ಅಷ್ಟು ದಿನ ಬೇರೆ ಕಾಫಿಪುಡಿಯವರ ಜತೆ ಕೆಲಸ ಮಾಡಬಹುದೋ ಇಲ್ಲವೋ ಎಂಬುದನ್ನು ಓದಿಕೊಳ್ಳಿ. ಮೊಮ್ಮಗಳೂ ಇದ್ದರೆ ಕಾನೂನು ಇನ್ನೂ ಬಿಗಿ: ಬಾಲಕಲಾವಿದರು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು.

ಜಾಹೀರಾತು ಟಿ.ವಿ.ಯಲ್ಲಿ ಬಂದ ಮೇಲೆ ಗಾಂಧಿಬಜಾರಿನಲ್ಲಿ ಹೂವಿನವರು ದಿಟ್ಟಿಸಿ ನೋಡಿ ‘ನಿಮ್ಮನ್ನ ಎಲ್ಲೋ ನೋಡಿದೀನಲ್ಲ’ ಅನ್ನುತ್ತಾರೆ. ಮೊಳ ಮಲ್ಲಿಗೆಗೆ ಒಂದು ಗೇಣು ಹೆಚ್ಚಿಗೆ ಸಿಕ್ಕರೂ ಸಿಗಬಹುದು. ಅದೇ ಮಾತನ್ನು ಮುಂದಿನ ಆಡಿಷನ್‌ನಲ್ಲಿ ಕ್ಯಾಮೆರಾ ಹಿಂದಿನ ಹುಡುಗ ಹೇಳಿದನೆಂದರೆ, ಇನ್ನು ಸೀರೆ ಮಡಚಿ ಮನೆಗೆ ಹೊರಡಬಹುದು.