ಬಿಲಿರುಬಿನ್ ಏರುವುದೇಕೆ?

ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಹೆಚ್ಚಿದೆ ಎಂದರು. ಲಿವರ್ ಕೆಟ್ಟಿದೆ ಎಂದೇ ಅರ್ಥವೇ? – ಓದುಗರು, ಕಂಪ್ಲಿ

ಹಾಗೇನಿಲ್ಲ. ಸುಮಾರು 120 ದಿನ ಬದುಕಿದ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತುವೇ ಬಿಲಿರುಬಿನ್. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದೊಡನೆ ಕರುಳಿಗೆ ಕಳಿಸುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನೇ ನೆನೆಯಿರಿ: ಒಳಹರಿವು ಹೆಚ್ಚಿದರೂ, ಗೇಟು ಕೆಟ್ಟು ನಿಂತರೂ, ಕಾಲುವೆಯಲ್ಲಿ ಹೂಳು ತುಂಬಿದರೂ ನೀರು ಏರುತ್ತದೆ. ಮಲೇರಿಯಾದಲ್ಲಿ ರಕ್ತಕಣಗಳು ಬೇಗಬೇಗ ಒಡೆದು ಒಳಹರಿವು ಹೆಚ್ಚುತ್ತದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್, ಮದ್ಯ, ಕೆಲವು ಔಷಧಿಗಳು ಗೇಟನ್ನೇ ಕೆಡಿಸುತ್ತವೆ. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲೇ ಹೂಳು. ಆಗ ಮೂತ್ರ ಕಡುಹಳದಿ, ಮಲ ಬಿಳಿಚು. ಹುಟ್ಟಿನಿಂದ ಬರುವ ಗಿಲ್ಬರ್ಟ್ ಎಂಬ ಸ್ಥಿತಿಯಲ್ಲಿ ಒಂದು ಉಪವಾಸಕ್ಕೂ ಬಿಲಿರುಬಿನ್ ತುಸು ಏರುತ್ತದೆ, ಅಪಾಯವಿಲ್ಲ. ಆದರೆ ಜ್ವರ, ಹೊಟ್ಟೆನೋವು, ಕಣ್ಣು ಹಳದಿ ಇದ್ದರೆ ನಾಟಿ ಔಷಧಿ ಕುಡಿಯುತ್ತಾ ದಿನ ಕಳೆಯಬೇಡಿ, ಅಂದೇ ವೈದ್ಯರನ್ನು ಕಾಣಿ.