ಮಲೆನಾಡಿನ ಲಾರಿ ಹಿಮದ ನಾಡಿಗೆ ಹೋದಾಗ

ಶಿವಮೊಗ್ಗದಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಅದೇ ಚಳಿಯಲ್ಲಿ ಅಡಿಕೆ ಮಂಡಿಯ ಮುಂದೆ ನಿಂತ ಲಾರಿ ಮಾತ್ರ ಒಂದೆರಡು ಸಲ ಕೆಮ್ಮಿ ಸ್ಟಾರ್ಟ್ ಆಗಿಬಿಡುತ್ತದೆ. ಹಾಗೆಂದು ಡೀಸೆಲ್ ಹೆಪ್ಪುಗಟ್ಟದ ಎಣ್ಣೆಯೇನಲ್ಲ. ಅದಕ್ಕೆ ಬೇಕಾದಷ್ಟು ಚಳಿ ನಮ್ಮ ಊರಿನಲ್ಲಿ ಇಲ್ಲ, ಅಷ್ಟೆ.

ನಮ್ಮ ಅಡಿಕೆ ಹೇರಿಕೊಂಡ ಲಾರಿಗಳು ದೆಹಲಿ, ಕಾನ್ಪುರಗಳವರೆಗೂ ಹೋಗುತ್ತವೆ. ಅಲ್ಲಿ ಜನವರಿಯ ರಾತ್ರಿ 4-5 ಡಿಗ್ರಿಗೆ ಇಳಿಯುವುದುಂಟು. ಲೋಡು ಇಳಿಸಿದ ಡ್ರೈವರ್ ಮುಂದಿನ ಬಾಡಿಗೆ ಹಿಡಿದು ಶ್ರೀನಗರದ ಕಡೆಗೋ, ಜೋಜಿ ಲಾ ದಾರಿ ತೆರೆದಿದ್ದರೆ ಕಾರ್ಗಿಲ್‌ ಕಡೆಗೋ ಹೊರಟರೆ ಸೊನ್ನೆಗಿಂತ ಕೆಳಗಿನ ಲೋಕ ಆರಂಭವಾಗುತ್ತದೆ. ದ್ರಾಸ್‌ನಲ್ಲಿ ನಡುಚಳಿಗಾಲದ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದು ಅಪರೂಪವಲ್ಲ. ಅಲ್ಲಿ ಲಾರಿಯನ್ನೂ ಅದರಲ್ಲಿ ಮಲಗುವ ಡ್ರೈವರನ್ನೂ ಕಾಯ್ದುಕೊಳ್ಳುವುದು ಹೇಗೆ?

ಟ್ಯಾಂಕ್ ತುಂಬಿದ್ದರೂ ಹಸಿವು

ಡೀಸೆಲ್‌ನಲ್ಲಿ ಮೇಣದ ಜಾತಿಯ ಅಂಶ ಕರಗಿಕೊಂಡಿರುತ್ತದೆ. ಚಳಿ ಹೆಚ್ಚಿದಂತೆ ಅದು ಸಣ್ಣ ಹರಳುಗಳಾಗಿ ಬೇರ್ಪಡುತ್ತದೆ. ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಹರಳುಗಳು ಫಿಲ್ಟರಿನ ರಂಧ್ರಗಳನ್ನು ಮುಚ್ಚುತ್ತವೆ. ಟ್ಯಾಂಕ್ ತುಂಬಿದ್ದರೂ ಎಂಜಿನ್ ಹಸಿದು ನಿಲ್ಲುತ್ತದೆ.

ಡೀಸೆಲ್ ಎಷ್ಟು ಚಳಿಯವರೆಗೆ ಫಿಲ್ಟರನ್ನು ದಾಟಬೇಕು ಎಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ನಿಯಮವಿದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲಕ್ಕೆ ಆ ಮಿತಿ 6 ಡಿಗ್ರಿ, ಉಳಿದ ತಿಂಗಳುಗಳಿಗೆ 18 ಡಿಗ್ರಿ. ಬಯಲು ಸೀಮೆಗೆ ಇದು ಸಾಕು, ಹಿಮದ ಸೀಮೆಗೆ ಸಾಲದು. ಆದ್ದರಿಂದಲೇ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರ್‌ನಲ್ಲಿ ಲಡಾಖ್‌ಗೆಂದು ವಿಶೇಷ ಚಳಿಗಾಲದ ಡೀಸೆಲ್ ಹೊರತಂದಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಈ ಡೀಸೆಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಗುಣ ಉಳಿಸಿಕೊಳ್ಳುತ್ತದೆ.

ಡ್ರೈವರುಗಳು ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೆಳಗಿನ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಘಾಟಿ ಹತ್ತಬಾರದು. ಆ ಡೀಸೆಲ್ ತಕ್ಕಮಟ್ಟಿಗೆ ಖರ್ಚಾದ ಮೇಲೆ ಚಳಿಯ ಸೀಮೆಯ ಬಂಕಿನಲ್ಲಿ ಚಳಿಗಾಲದ ಡೀಸೆಲ್ ಹಾಕಿಸಬೇಕು. ಹಾಕಿಸಿದ ಕೂಡಲೇ ಗಾಡಿ ನಿಲ್ಲಿಸದೆ, ಪೈಪು ಮತ್ತು ಫಿಲ್ಟರುಗಳಿಗೆ ಹೊಸ ಡೀಸೆಲ್ ತಲುಪುವಷ್ಟು ದೂರ ಓಡಿಸಬೇಕು. ಸೀಮೆಎಣ್ಣೆ ಬೆರೆಸುವುದು ಹಳೆಯ ಅಭ್ಯಾಸ. ಆದರೆ 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಲಾರಿಗಳಲ್ಲಿ ಅದರಿಂದ ಪಂಪ್, ಇಂಜೆಕ್ಟರುಗಳು ಸವೆಯುತ್ತವೆ, ಹೊಗೆ ಶುದ್ಧಿ ಮಾಡುವ ಭಾಗವೂ ಕೆಡುತ್ತದೆ.

ಕಿಡಿಯಿಲ್ಲದ ಬೆಂಕಿ

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಕಂಡಿರಬಹುದು. ಎಂಜಿನ್‌ ನಡೆಯುವುದು ಇದೇ ತತ್ವದ ಮೇಲೆ. ಗಾಳಿಯನ್ನು ಅದರ ಗಾತ್ರದ ಸುಮಾರು 17ನೇ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆಗ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ.

ಚಳಿಯಲ್ಲಿ ಈ ಲೆಕ್ಕ ಮೂರು ಕಡೆ ತಪ್ಪುತ್ತದೆ. ಒಳಬರುವ ಗಾಳಿಯೇ ತಣ್ಣಗಿರುತ್ತದೆ. ಸಿಲಿಂಡರಿನ ಕಬ್ಬಿಣ ಇದ್ದ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ಆಯಿಲ್ ದಪ್ಪಗಾಗಿ ಸೆಲ್ಫ್ ಮೋಟಾರು ನಿಧಾನವಾಗಿ ತಿರುಗುವುದರಿಂದ ಬಿಸಿ ಸೋರಿಹೋಗಲು ಸಮಯ ಸಿಗುತ್ತದೆ. ಇದರ ಮೇಲೆ ಬ್ಯಾಟರಿಯೂ ಕೈಕೊಡುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಅದರ ಶಕ್ತಿ ಅರ್ಧದಷ್ಟೇ ಉಳಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಮ್ಲ ಅಂಥ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಚಾರ್ಜ್ ಇಳಿದ ಬ್ಯಾಟರಿ ಸೊನ್ನೆಯ ಕೆಳಗೆ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು.

ಆಯಿಲ್ ಡಬ್ಬಿಯ ಮೇಲೆ '15ಡಬ್ಲ್ಯೂ-40' ಎಂದಿರುವುದನ್ನು ಎಲ್ಲರೂ ನೋಡಿರುತ್ತೀರಿ. ಅದರಲ್ಲಿ 'ಡಬ್ಲ್ಯೂ' ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಕಡು ಚಳಿಯ ಸೀಮೆಗೆ 5ಡಬ್ಲ್ಯೂ ಜಾತಿಯದು ಒಳ್ಳೆಯದು, ಆದರೆ ಗಾಡಿ ತಯಾರಕರು ಒಪ್ಪಿದ ಆಯಿಲನ್ನೇ ಹಾಕಬೇಕು. ಸ್ಟಾರ್ಟ್ ಮಾಡುವಾಗ ಹೀಟರ್ ದೀಪವಿದ್ದರೆ ಅದು ಆರುವವರೆಗೆ ಕಾಯಬೇಕು. ಸೆಲ್ಫನ್ನು ಹತ್ತು ಹದಿನೈದು ಸೆಕೆಂಡುಗಳಿಗಿಂತ ಹೆಚ್ಚು ಒತ್ತಿ ಹಿಡಿಯದೆ, ಮಧ್ಯೆ ಒಂದೆರಡು ನಿಮಿಷ ಬಿಡಬೇಕು.

ನೀರು, ಗಾಳಿ, ಬ್ರೇಕು

ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವ ರೂಢಿ ನಮ್ಮಲ್ಲಿದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಎರಕದ ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಗ್ಲೈಕಾಲ್ ಕೂಲೆಂಟ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗಿನವರೆಗೂ ಭಯವಿಲ್ಲ. ಬ್ರೇಕಿನ ಗಾಳಿ ಟ್ಯಾಂಕಿನಲ್ಲಿ ಸೇರುವ ನೀರನ್ನು ಪ್ರತಿ ಸಂಜೆ ಹೊರಬಿಡಬೇಕು. ಇಲ್ಲದಿದ್ದರೆ ಅದು ಕೊಳವೆಯಲ್ಲಿ ಹೆಪ್ಪುಗಟ್ಟಿ ಬ್ರೇಕ್ ಹಿಡಿಯದಂತೆ ಅಥವಾ ಬಿಡದಂತೆ ಮಾಡುತ್ತದೆ. ಬಿಎಸ್-6 ಲಾರಿಗಳಿಗೆ ಹಾಕುವ ಯೂರಿಯಾ ದ್ರಾವಣ ಸೊನ್ನೆಗಿಂತ 11 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಅದನ್ನು ಕರಗಿಸುವ ವ್ಯವಸ್ಥೆ ಗಾಡಿಯಲ್ಲೇ ಇರುವುದರಿಂದ ಗಾಬರಿಪಡಬೇಕಾಗಿಲ್ಲ.

ಭದ್ರಾವತಿ ಬಲ್ಲ ವಿಷ

ಇಲ್ಲಿಯವರೆಗೆ ಹೇಳಿದ್ದು ಗಾಡಿಯ ವಿಷಯ. ಹೆಚ್ಚಿನ ಅಪಾಯ ಇರುವುದು ಮನುಷ್ಯನಿಗೆ. ಹೆಪ್ಪುಗಟ್ಟಿದ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸುವುದನ್ನು ಆ ದಾರಿಗಳಲ್ಲಿ ಕಾಣಬಹುದು. ಒಂದು ಸೋರುವ ಪೈಪು ಸಾಕು, ಲಾರಿಯೇ ಉರಿದುಹೋಗುತ್ತದೆ. ಫಿಲ್ಟರನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತಿ ಕಾಯಿಸುವುದು ನಿಧಾನವಾದರೂ ಸುರಕ್ಷಿತ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಹಾಕುತ್ತಿದ್ದುದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಇದ್ದಿಲು ಗಾಳಿ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಿರಿನ ಆಮ್ಲಜನಕವನ್ನು ಕಸಿದುಕೊಂಡು ಕಬ್ಬಿಣವನ್ನು ಬಿಡಿಸಿಕೊಡುವುದು ಈ ಅನಿಲವೇ. ಮನುಷ್ಯನ ರಕ್ತಕ್ಕೆ ಸೇರಿದರೆ ಅದು ಅಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಆಕ್ರಮಿಸುತ್ತದೆ. ಅದು ರಕ್ತಕ್ಕೆ ಅಂಟಿಕೊಳ್ಳುವ ಬಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಕುಲುಮೆಯ ಕೆಲಸಗಾರರಿಗೆ 'ಗ್ಯಾಸ್' ಎಂದರೆ ಏನೆಂದು ಚೆನ್ನಾಗಿ ಗೊತ್ತು.

ಕ್ಯಾಬಿನ್ನಿನ ಗಾಜು ಏರಿಸಿ, ಒಳಗೆ ಇದ್ದಿಲ ಒಲೆ ಇಟ್ಟುಕೊಂಡು ಮಲಗಿದರೆ ಅಲ್ಲಿ ತಯಾರಾಗುವುದೂ ಇದೇ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ನಿದ್ದೆಯಲ್ಲಿದ್ದವನಿಗೆ ಇವೂ ತಿಳಿಯದೆ ಪ್ರಾಣ ಹೋಗಬಹುದು. ಮಂಜು ಬೀಳುವಾಗ ಎಂಜಿನ್ ಚಾಲೂ ಇಟ್ಟು ಮಲಗುವುದೂ ಅಪಾಯವೇ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿಹೋದರೆ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತದೆ. ಯಾರಾದರೂ ಹೀಗೆ ಬಿದ್ದಿದ್ದರೆ ಕೂಡಲೇ ಬಯಲಿಗೆ ಎಳೆದು ತಂದು, ಆಮ್ಲಜನಕ ಕೊಡಬಲ್ಲ ಆಸ್ಪತ್ರೆಗೆ ಸಾಗಿಸಬೇಕು.

ಶಿವಮೊಗ್ಗದಿಂದ ಲಾರಿ ಹೊರಡುವ ಮುನ್ನ ಮಾಲೀಕರು ಕೂಲೆಂಟ್, ಬ್ಯಾಟರಿ, ಆಯಿಲ್ ಮೂರನ್ನೂ ನೋಡಿಸಬೇಕು. ಜೊತೆಗೆ ಡ್ರೈವರ್ ಮತ್ತು ಕ್ಲೀನರ್ ಇಬ್ಬರಿಗೂ ದಪ್ಪ ರಗ್ಗು ಕೊಡಿಸಬೇಕು, ಚಳಿಯ ಊರಿನಲ್ಲಿ ರಾತ್ರಿ ರೂಮು ಮಾಡಿಕೊಳ್ಳುವಷ್ಟು ಭತ್ಯೆ ಕೊಡಬೇಕು. ಆ ಭತ್ಯೆ ಉಳಿಸಲು ಹೋದಾಗಲೇ ಕ್ಯಾಬಿನ್ನಿನೊಳಗೆ ಒಲೆ ಬರುವುದು.