ನೆತ್ತಿ, ಕುಡಿ, ಕೋಡು, ಕಳಸ

ತಳಿ ಎಂಬ ಊರಿನ ಹೆಸರು ಕೇಳಿದವರಿಗೆ ‘ತಳ’ ನೆನಪಾದರೆ ಆಶ್ಚರ್ಯವಿಲ್ಲ. ಊರು ಇರುವುದು ಮಾತ್ರ ಮೇಲೆ. ಹೊಸೂರು, ದೇಂಕಣಿಕೋಟೆ, ತಳಿಗಳನ್ನೊಳಗೊಂಡ ಸೀಮೆಯು ಕೃಷ್ಣಗಿರಿಯ ಬಯಲಿಗಿಂತ ಬಹಳ ಎತ್ತರದಲ್ಲಿರುವ, ಮೈಸೂರು ಪ್ರಸ್ಥಭೂಮಿಗೆ ಸೇರಿದ ನೆಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಅದು ಕಂಪನಿಯ ವಶವಾಯಿತು. ಆಗಿನ ಸೇಲಂ ಜಿಲ್ಲೆಯ ಮೂರು ಭಾಗಗಳಲ್ಲಿ ಇದಕ್ಕೆ ಬಾಲಾಘಾಟ್ ಎಂದು ಹೆಸರು. ಉಳಿದೆರಡು ಬಾರಾಮಹಲ್ ಮತ್ತು ತಲಘಾಟ್. ಪಾರಸಿಯ ‘ಬಾಲಾ’ ಎಂದರೆ ಮೇಲು. ಮರಾಠಿಗರು ತಮ್ಮ ಕಡೆಯ ಇಂಥ ನೆಲವನ್ನು ‘ಘಾಟಮಾಥಾ’ ಎನ್ನುತ್ತಾರೆ, ಅಂದರೆ ಘಟ್ಟದ ತಲೆ. ನಮ್ಮ ಕರಾವಳಿಯವರಿಗೆ ಅದು ಬರಿಯ ‘ಘಟ್ಟದ ಮೇಲೆ’.

ಮೇಲ್ತುದಿಯನ್ನು ಸೂಚಿಸುವ ಪದಗಳನ್ನು ಸಮಾನಾರ್ಥಕಗಳೆಂದು ಸಾಲಾಗಿ ಕಂಠಪಾಠ ಮಾಡುವ ರೂಢಿ ವಿದ್ಯಾರ್ಥಿಗಳಲ್ಲಿದೆ. ಆ ಸಾಲಿನಲ್ಲಿ ಪ್ರತಿಯೊಂದು ಪದದ ಆಕಾರವೂ ಅಳಿಸಿಹೋಗುತ್ತದೆ.

ನೆತ್ತಿಯನ್ನೇ ನೋಡಬಹುದು. ನೆತ್ತಿ ಮುಟ್ಟು ಎಂದರೆ ಕನ್ನಡದ ಮಗು ತಲೆಯ ಮೇಲೆ ಕೈಯಿಡುತ್ತದೆ. ತೆಲುಗಿನ ಮಗುವೂ ಹಾಗೆಯೇ. ತಮಿಳಿನ ಮಗು ಮುಟ್ಟುವುದು ಹಣೆಯನ್ನು. ಅಲ್ಲಿ ಪದದ ರೂಪ ‘ನೆಱ್ಱಿ’. ತಮಿಳಿನ ಪುಱ್ಱು ಕನ್ನಡದಲ್ಲಿ ಹುತ್ತ, ಶುಱ್ಱು ಕನ್ನಡದಲ್ಲಿ ಸುತ್ತು. ಅದೇ ನಿಯಮದಂತೆ ನೆಱ್ಱಿ ನಮ್ಮಲ್ಲಿ ನೆತ್ತಿ. ಒಂದೇ ಪದ ಒಂದು ಭಾಷೆಯಲ್ಲಿ ಹುಬ್ಬಿನ ಮೇಲೆ, ಇನ್ನೊಂದರಲ್ಲಿ ಅದಕ್ಕೂ ಒಂದು ಗೇಣು ಮೇಲೆ ನಿಂತಿದೆ. ನಮ್ಮ ನೆತ್ತಿಯ ಕೆಲಸವನ್ನು ತಮಿಳಿನಲ್ಲಿ ಮಾಡುವುದು ‘ಉಚ್ಚಿ’. ತಿರುಚಿರಾಪಳ್ಳಿಯ ಬಂಡೆಯ ಮೇಲಿರುವ ಗಣಪತಿ ಉಚ್ಚಿಪ್ಪಿಳ್ಳೈಯಾರ್, ನಡುಹಗಲು ಉಚ್ಚಿವೇಳೆ. ಕನ್ನಡದಲ್ಲಿಯೂ ಬೆಟ್ಟಕ್ಕೆ ನೆತ್ತಿಯುಂಟು, ನಡುಹಗಲಿನ ಸೂರ್ಯ ನೆತ್ತಿಗೇ ಬರುತ್ತಾನೆ. ತಳಿಯ ಕಡೆಯಲ್ಲಿ ಈ ಮೂರು ಭಾಷೆಗಳೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಅಲ್ಲಿಯ ವಿದ್ಯಾರ್ಥಿ ನೆತ್ತಿಯನ್ನು ಹಣೆಯ ಅರ್ಥದಲ್ಲಿ ಬರೆದರೆ ‘ಬೆರಕೆ ಕನ್ನಡ’ ಎಂದು ಕೆಂಪು ಗೆರೆ ಎಳೆದು ಮುಗಿಸುವವರು, ಧ್ವನಿನಿಯಮದ ಒಂದು ಒಳ್ಳೆಯ ಪಾಠವನ್ನೇ ಕೈಬಿಡುತ್ತಾರೆ.

ತುದಿಗೆ ಮೇಲು ಕೆಳಗು ಎಂಬುದಿಲ್ಲ. ಬೆರಳಿಗೂ ನಾಲಗೆಗೂ ಬೀದಿಗೂ ತುದಿಯಿದೆ. ಕುಡಿ ಬೆಳೆಯುವ ವಸ್ತುವಿನದು. ಅವರೆಯ ಕುಡಿ, ಬಾಳೆಯ ಕುಡಿಯೆಲೆ, ವಂಶದ ಕುಡಿ. ಕುಡಿನೋಟ, ಕುಡಿಮೀಸೆಗಳಲ್ಲಿ ಬೆಳವಣಿಗೆಯ ಅರ್ಥ ಮರೆಯಾಗಿ ಚೂಪು ಉಳಿಯಿತು. ಬೆಟ್ಟಕ್ಕೆ ಕುಡಿಯಿಲ್ಲ, ಕೋಡಿದೆ. ಪ್ರಾಣಿಯ ಕೊಂಬಿಗೂ ಬೆಟ್ಟದ ಶಿಖರಕ್ಕೂ ಇದು ಒಂದೇ ಪದ. ತಿರುಚ್ಚೆಂಗೋಡಿನ ‘ಕೋಡು’ ಇದರದೇ ತಮಿಳು ರೂಪ.

ಕೂದಲೂ ಎತ್ತರವನ್ನು ಹೆಸರಿಸಿದೆ. ಹೊಸೂರಿನ ಬೆಟ್ಟದ ಮೇಲಿರುವ ದೇವರು ಚಂದ್ರಚೂಡೇಶ್ವರ. ಚೂಡಾ ಎಂದರೆ ಜುಟ್ಟು, ಶಿಖೆ ಎಂದರೂ ಜುಟ್ಟೇ. ಶಿಖರ ಅದರ ಬಳಗದ್ದು. ಮರಾಠಿಯಲ್ಲಿ ‘ಶೆಂಡಿ’ ಜುಟ್ಟಾದರೆ ‘ಶೆಂಡಾ’ ಮರದ ತುದಿ. ತಮಿಳು, ಮಲಯಾಳಗಳ ‘ಮುಡಿ’ ಕೂದಲೂ ಹೌದು, ಕಿರೀಟವೂ ಹೌದು, ಗಿರಿಶೃಂಗವೂ ಹೌದು: ದಕ್ಷಿಣ ಭಾರತದ ಅತ್ಯುನ್ನತ ಶಿಖರ, 2,695 ಮೀಟರಿನ ಆನೈಮುಡಿ, ಕೇರಳದಲ್ಲಿದೆ. ತಮಿಳುನಾಡಿನ ಅತ್ಯುನ್ನತ ಶಿಖರದ ಹೆಸರಿನಲ್ಲಿ ಮುಡಿಯೂ ಇಲ್ಲ, ಉಚ್ಚಿಯೂ ಇಲ್ಲ. 2,637 ಮೀಟರಿನ ಆ ಶಿಖರ ನೀಲಗಿರಿಯ ದೊಡ್ಡಬೆಟ್ಟ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ.

ದೇವಾಲಯದ ಶಿಖರದ ವಿಷಯದಲ್ಲಿ ಒಂದು ಎಚ್ಚರ. ಉತ್ತರದ ನಾಗರ ಶೈಲಿಯಲ್ಲಿ ಗರ್ಭಗೃಹದ ಮೇಲಿನ ಇಡೀ ಗೋಪುರವೇ ಶಿಖರ. ದ್ರಾವಿಡ ವಿಮಾನದಲ್ಲಿ ಮೇಲಿನ ಗುಮ್ಮಟದ ಭಾಗ ಮಾತ್ರ. ಎರಡರಲ್ಲಿಯೂ ಅದಕ್ಕೂ ಮೇಲೆ ಕಳಸ. ಮರಾಠಿಯಲ್ಲಿ ಮೂರ್ಖತನಕ್ಕೂ ಅನ್ಯಾಯಕ್ಕೂ ‘ಕಳಸ’ ಇರುತ್ತದೆ, ಯಾರಿಗೂ ಅದು ವಿಚಿತ್ರವೆನಿಸದು. ಕನ್ನಡದಲ್ಲಿ ಕಳಸವಿಡುವುದು ಒಳ್ಳೆಯದಕ್ಕೆ ಮಾತ್ರ. ಮೂರ್ಖತನಕ್ಕೆ ಇರುವುದು ಪರಮಾವಧಿ.